ತೋಟದ ಮನೆಯ ಮದುವೆ: ನೆಂಟರ ಬಿಡಾರ ಮತ್ತು ವಾಹನದ ವ್ಯವಸ್ಥೆ



ಇತ್ತೀಚಿನ ವರ್ಷಗಳಲ್ಲಿ ನಮ್ಮ ಕೂಟದ ಅನೇಕ ಕುಟುಂಬಗಳು ಮಕ್ಕಳ ಅಥವಾ ತಮ್ಮ ತಂಗಿಯರ ಮದುವೆಯನ್ನು ಬೆಂಗಳೂರಿನ ಕಲ್ಯಾಣ ಮಂಟಪ ಬಿಟ್ಟು ಊರಿನ ಮನೆಯಲ್ಲೇ ಮಾಡುವ ಯೋಚನೆಯಲ್ಲಿವೆ. ಕಾರಣ ಹೆಚ್ಚಿನವರಲ್ಲಿ ಒಂದೇ: ಮನೆಯ ಹಿರಿಯರಿಗೆ ಪ್ರಯಾಣ ಆಗುವುದಿಲ್ಲ, ಅವರ ಕಣ್ಣೆದುರಿಗೇ ಮದುವೆ ಆಗಲಿ ಎಂಬ ಆಸೆ. ಆಸೆ ದೊಡ್ಡದು. ಆದರೆ ಅಜ್ಜಿ ಇದ್ದಲ್ಲಿಗೆ ಮದುವೆ ಬಂದರೆ, ಅಜ್ಜಿಯ ವಯಸ್ಸಿನ ನೆಂಟರೂ ಅಲ್ಲಿಗೆ ಬರಬೇಕಲ್ಲವೇ? ಅವರನ್ನು ಕರೆತರುವುದು, ಮಲಗಿಸುವುದು, ಮುಹೂರ್ತಕ್ಕೆ ಮುಂಚೆ ಚಪ್ಪರದೊಳಗೆ ಕೂರಿಸುವುದು, ಊಟವಾದ ಮೇಲೆ ಸುರಕ್ಷಿತವಾಗಿ ಕಳಿಸುವುದು ಇವೇ ತೋಟದ ಮನೆಯ ಮದುವೆಯ ನಿಜವಾದ ಕೆಲಸ. ಅಡುಗೆಯವರು, ಪುರೋಹಿತರು, ವಾಲಗದವರು ತಮ್ಮ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲರು.

ನಮ್ಮ ಕುಟುಂಬದ ಮದುವೆಯನ್ನು ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಅಡಿಕೆ ತೋಟದ ಮನೆಯಲ್ಲಿ ಮಾಡಿದೆವು. ಅರ್ಧ ತಯಾರಿ ಕ್ಯಾಲಿಫೋರ್ನಿಯಾದಿಂದ, ಇನ್ನರ್ಧ ಊರಿನಿಂದ. ಅದರಲ್ಲಿ ಕಂಡುಕೊಂಡ ಲೆಕ್ಕಾಚಾರವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ನಿಮ್ಮ ಊರು ಶಿರಸಿ, ತೀರ್ಥಹಳ್ಳಿ, ಕೊಪ್ಪ ಯಾವುದೇ ಇರಲಿ, ಲೆಕ್ಕದ ಕ್ರಮ ಬದಲಾಗುವುದಿಲ್ಲ.

ದಿನ ಗೊತ್ತು ಮಾಡುವಾಗಲೇ ದಾರಿ ನೋಡಿ

ಇಲ್ಲಿನ ಶಾಲೆಗಳಿಗೆ ದೊಡ್ಡ ರಜೆ ಇರುವುದು ಡಿಸೆಂಬರ್ ಕೊನೆ ಮತ್ತು ಜೂನ್-ಜುಲೈ. ಊರಿನ ಪಂಚಾಂಗಕ್ಕೆ ಈ ಎರಡೂ ಅಷ್ಟಾಗಿ ಹೊಂದುವುದಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಅನೇಕ ಮನೆತನಗಳಲ್ಲಿ ಆಗ ಮದುವೆ ಇಟ್ಟುಕೊಳ್ಳುವುದಿಲ್ಲ. ಆಷಾಢದಲ್ಲೂ ಇಲ್ಲ. ಆಷಾಢಕ್ಕೆ ಮುಂಚೆ ಜೂನ್‌ನಲ್ಲಿ ಮುಹೂರ್ತ ಸಿಕ್ಕರೂ ಮಲೆನಾಡಿಗೆ ಅಷ್ಟು ಹೊತ್ತಿಗೆ ಮಳೆಗಾಲ ಕಾಲಿಟ್ಟಿರುತ್ತದೆ. ಮಣ್ಣು ರಸ್ತೆಯಲ್ಲಿ ಬಸ್ಸು ಹೂತರೆ ಇಡೀ ದಿಬ್ಬಣ ನಿಂತಂತೆ. ಘಟ್ಟದ ಕೆಳಗಿನಿಂದ ಬರುವವರಿಗೆ ಮಣ್ಣು ಕುಸಿತದ ಭಯವೂ ಇದೆ.

ತುಳಸಿ ಹಬ್ಬ ಮುಗಿದ ಮೇಲಿನ ನವೆಂಬರ್, ಸಂಕ್ರಾಂತಿಯ ನಂತರದ ದಿನಗಳು, ಮತ್ತು ಏಪ್ರಿಲ್-ಮೇ ದಾರಿಯ ದೃಷ್ಟಿಯಿಂದ ಒಳ್ಳೆಯವು. ನಾವು ಥ್ಯಾಂಕ್ಸ್‌ಗಿವಿಂಗ್ ರಜೆಗೆ ಹೊಂದುವ ನವೆಂಬರ್ ಕೊನೆಯ ವಾರ ಆರಿಸಿದೆವು. ಇದಕ್ಕೂ ಒಂದು ಬೆಲೆ ಉಂಟು: ಅದು ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಅಡಿಕೆ ಹರಡಿರುತ್ತದೆ, ಊರಿನ ಜೀಪು, ಪಿಕಪ್‌ಗಳು ಅಡಿಕೆ ಸಾಗಿಸುತ್ತಿರುತ್ತವೆ, ನೆರೆಮನೆಯವರು ರಾತ್ರಿಯೆಲ್ಲ ಸುಲಿಯುತ್ತಿರುತ್ತಾರೆ. ಆದ್ದರಿಂದ ದಿನ ಗೊತ್ತಾದ ಕೂಡಲೇ ಊರಿನವರಿಗೆ ಹೇಳಿ, ಆ ಮೂರು ದಿನ ಕೊಯ್ಲು ಮುಂದೂಡಲು ಸಾಧ್ಯವೇ ಎಂದು ಕೇಳಿಕೊಳ್ಳಬೇಕು.

ತಲೆ ಎಣಿಸಬೇಡಿ, ರಾತ್ರಿ ಎಣಿಸಿ

ನಾವು ಕರೆದದ್ದು ಸುಮಾರು 420 ಜನರನ್ನು. ಊಟಕ್ಕೆ ಆ ಸಂಖ್ಯೆ ಮುಖ್ಯ. ಬಿಡಾರಕ್ಕೆ ಮುಖ್ಯವಾದದ್ದು ಮದುವೆಯ ಹಿಂದಿನ ರಾತ್ರಿ ಎಷ್ಟು ಜನ ಮಲಗುತ್ತಾರೆ ಎಂಬುದು. ಹತ್ತಿರದ ಊರಿನವರು ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ. ನಮ್ಮಲ್ಲಿ ಉಳಿದವರು 96 ಜನ.

ಇದನ್ನು ತಿಳಿಯುವುದು ಹೇಗೆ? ಅಮೆರಿಕದ ರೀತಿಯಲ್ಲಿ "ಬರುತ್ತೀರೋ ಇಲ್ಲವೋ ತಿಳಿಸಿ" ಎಂದು ಕಾಗದ ಹಾಕಿದರೆ ಊರಿನ ಹಿರಿಯರು ಬೇಸರ ಮಾಡಿಕೊಳ್ಳುತ್ತಾರೆ. ಕರೆಯುವವರೇ ಅನುಮಾನಪಟ್ಟಂತೆ ಅದು. ಬದಲಿಗೆ ಫೋನು ಮಾಡಿ, "ಮಾವ, ಹಿಂದಿನ ದಿನವೇ ಬಂದುಬಿಡಿ. ಎಷ್ಟು ಹೊತ್ತಿಗೆ ಹೊರಡ್ತೀರಿ? ಅತ್ತೆಗೆ ಮಂಚ ಬೇಕಾ?" ಎಂದು ಕೇಳಿ. ಬರುವುದು ಖಚಿತ ಎಂದೇ ಮಾತಾಡಿದರೆ ನಿಜವಾದ ಉತ್ತರ ಸಿಗುತ್ತದೆ. ಬರಲಾಗದವರು ಆಗಲೇ ಹೇಳುತ್ತಾರೆ.

ಉತ್ತರಗಳನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆಯುತ್ತಾ ಹೋದೆವು. ಪ್ರತಿಯೊಬ್ಬರ ಮುಂದೆ ಐದು ಕಲಮು ಸಾಕು: ಯಾವ ದಿನ, ಯಾವ ದಾರಿಯಿಂದ, ಎಷ್ಟು ರಾತ್ರಿ, ಮೆಟ್ಟಿಲು ಹತ್ತಬಲ್ಲರೇ, ಕಮೋಡ್ ಬೇಕೇ. ಕೊನೆಯ ಎರಡು ಕಲಮುಗಳೇ ಯಾರನ್ನು ಎಲ್ಲಿ ಮಲಗಿಸಬೇಕು ಎಂಬುದನ್ನು ತೀರ್ಮಾನಿಸಿದವು.

ಬಿಡಾರ: ಯಾರಿಗೆ ಎಲ್ಲಿ?

ನಮ್ಮ 96 ಜನ ಹಂಚಿಹೋದದ್ದು ಹೀಗೆ:

- ಮದುವೆ ಮನೆಯಲ್ಲಿ 12 ಜನ. ಧಾರೆ ಎರೆಯುವವರು, ಬೆಳಗಿನ ಜಾವದ ಶಾಸ್ತ್ರಕ್ಕೆ ಬೇಕಾದವರು ಮಾತ್ರ.
- ನೆರೆಯ ಏಳು ಮನೆಗಳಲ್ಲಿ 38 ಜನ. ನಡೆಯಲು ಕಷ್ಟವಿರುವ ಹಿರಿಯರು, ಅವರ ಜೊತೆಗೊಬ್ಬರು.
- ಸಾಗರದ ಲಾಡ್ಜಿನಲ್ಲಿ 34 ಜನ. ಬೆಂಗಳೂರಿನ ನೆಂಟರು, ಚಿಕ್ಕ ಮಕ್ಕಳಿರುವವರು.
- ಸಾಗರದ ಹತ್ತಿರದ ಹೋಂಸ್ಟೇಯಲ್ಲಿ 12 ಜನ. ನಮ್ಮ ಜೊತೆ ಇಲ್ಲಿಂದ ಬಂದ ಸ್ನೇಹಿತರು.

ಹಿರಿಯರಿಗೆ ಪೇಟೆಯ ಲಾಡ್ಜು ಆರಾಮ ಎಂದು ಸುಲಭವಾಗಿ ಅನ್ನಿಸುತ್ತದೆ. ಆದರೆ ಲಾಡ್ಜಿಗೆ ಹಾಕಿದರೆ ಬೆಳಿಗ್ಗೆ ಅವರಿಗೆ ಇನ್ನೊಂದು ಪ್ರಯಾಣ ತಪ್ಪದು. ನೆರೆಮನೆಯಲ್ಲಿದ್ದರೆ ಐದು ನಿಮಿಷ, ನಡುವೆ ಸುಸ್ತಾದರೆ ಹೋಗಿ ಮಲಗಬಹುದು, ಹಂಡೆಯ ಬಿಸಿನೀರು ಎಂದೂ ಮುಗಿಯುವುದಿಲ್ಲ.

ನೆರೆಮನೆಯವರಿಗೆ ಬಾಡಿಗೆ ಕೊಡುವ ಮಾತೆತ್ತಬಾರದು. ದಿಬ್ಬಣದವರಿಗೆ ಬಿಡಾರ ಕೊಡುವುದು ಊರಿನ ಹಳೆಯ ಮರ್ಯಾದೆ. ಮನೆಯ ಹಿರಿಯರೊಬ್ಬರು ಖುದ್ದಾಗಿ ಹೋಗಿ ಕೇಳಬೇಕು. ಆದರೆ ಅವರಿಗೆ ಹೊರೆಯಾಗದಂತೆ ನೋಡುವುದು ನಮ್ಮ ಕೆಲಸ: ಹಾಸಿಗೆ, ಹೊದಿಕೆ, ಬಕೆಟ್ಟು, ಸೊಳ್ಳೆ ಪರದೆಗಳನ್ನು ಸಾಗರದ ಶಾಮಿಯಾನದವರಿಂದ ಬಾಡಿಗೆಗೆ ತರಿಸಿ ಹಿಂದಿನ ದಿನವೇ ಪ್ರತಿ ಮನೆಗೆ ತಲುಪಿಸಿದೆವು. ಕಾಫಿ, ತಿಂಡಿ ಮದುವೆ ಮನೆಯಲ್ಲೇ ಎಂದು ಮೊದಲೇ ಹೇಳಿದೆವು. ಕಮೋಡ್ ಇಲ್ಲದ ಮನೆಗಳಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಕಮೋಡ್ ಕುರ್ಚಿ ಕೊಂಡು ಕೊಟ್ಟೆವು. ಮದುವೆಯ ಮರುದಿನ ಎಲ್ಲ ಮನೆಗಳಿಗೂ ಹೋಗಿ ಹೋಳಿಗೆ, ಹಣ್ಣು ಕೊಟ್ಟು ಬರುವುದನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾವು ವಿಮಾನ ಹತ್ತಿ ಬರುತ್ತೇವೆ. ಆ ಊರಿನಲ್ಲಿ ಬಾಳುವುದು ನಮ್ಮ ತಂದೆತಾಯಿಗಳು.

ವಿದೇಶಿ ಪಾಸ್‌ಪೋರ್ಟ್ ಇರುವ ಸ್ನೇಹಿತರನ್ನು ಕರೆದೊಯ್ಯುವವರು ಒಂದು ನಿಯಮ ತಿಳಿದಿರಬೇಕು. ವಿದೇಶಿ ಪ್ರಜೆ ತಂಗಿದ 24 ಗಂಟೆಯೊಳಗೆ ಅವರ ವಿವರವನ್ನು ತಂಗಲು ಜಾಗ ಕೊಟ್ಟವರು ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಸಲ್ಲಿಸಬೇಕು. ಬಹುಕಾಲ ಇದಕ್ಕೆ ಸಿ-ಫಾರಂ ಎನ್ನುತ್ತಿದ್ದರು. ಈ ಹೊಣೆ ಲಾಡ್ಜಿನವರಿಗೆ ಮಾತ್ರವಲ್ಲ, ಮನೆಯಲ್ಲಿ ಉಳಿಸಿಕೊಂಡವರಿಗೂ ಉಂಟು. ಅಡಿಕೆ ಸುಲಿಯುತ್ತಿರುವ ನೆರೆಮನೆಯ ಹೆಗಡೆಯವರಿಗೆ ಈ ತಲೆನೋವು ಕೊಡುವ ಬದಲು, ಈಗಾಗಲೇ ವಿದೇಶಿಯರನ್ನು ಉಳಿಸಿಕೊಂಡು ರೂಢಿಯಿರುವ ಹೋಂಸ್ಟೇಯಲ್ಲಿ ಅವರನ್ನು ಇಡುವುದು ಒಳ್ಳೆಯದು. ಒಸಿಐ ಇರುವವರ ವಿಷಯವನ್ನೂ ಅಲ್ಲೇ ಮೊದಲು ಕೇಳಿಕೊಳ್ಳಿ.

ಬೆಂಗಳೂರಿನಿಂದ ಸಾಗರ

ಬೆಂಗಳೂರಿನಿಂದ ಸಾಗರಕ್ಕೆ ಸುಮಾರು 370 ಕಿ.ಮೀ. ದಾರಿಗಳು ಮೂರು.

ರೈಲು: ಮೈಸೂರು-ತಾಳಗುಪ್ಪ ರಾತ್ರಿ ರೈಲು ಬೆಂಗಳೂರಿನ ಮೇಲೆ ಹೋಗಿ ಬೆಳಿಗ್ಗೆ ಸಾಗರ ಮುಟ್ಟಿಸುತ್ತದೆ. ನಿಲ್ದಾಣದ ಹೆಸರು ಸಾಗರ ಜಂಬಗಾರು. ಹಿರಿಯರಿಗೆ ಇದೇ ಉತ್ತಮ. 2024ರ ನವೆಂಬರ್ 1ರಿಂದ ಮುಂಗಡ ಟಿಕೆಟ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಆ 60ನೇ ದಿನ ಬೆಳಿಗ್ಗೆಯೇ ಯಾರು ಯಾರಿಗೆ ಟಿಕೆಟ್ ತೆಗೆಯಬೇಕು ಎಂದು ಹಂಚಿಕೊಳ್ಳಿ. ಒಂದು ಟಿಕೆಟ್ಟಿನಲ್ಲಿ ಆರು ಜನ ಮಾತ್ರ.

ವಿಮಾನ: ಶಿವಮೊಗ್ಗ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ ಅದೇ ವರ್ಷ ಆಗಸ್ಟ್ 31ರಿಂದ ವಿಮಾನಗಳು ಶುರುವಾದವು. ಅಲ್ಲಿಂದ ಸಾಗರಕ್ಕೆ ಇನ್ನೂ ಎರಡು ಗಂಟೆಯ ರಸ್ತೆ. ವಿಮಾನ ರದ್ದಾದರೆ ಅದೇ ದಿನ ಬೇರೆ ಸಿಗುವುದು ಕಷ್ಟ, ಹಾಗಾಗಿ ಮದುವೆಯ ದಿನದ ವಿಮಾನವನ್ನು ನಂಬಬೇಡಿ.

ರಸ್ತೆ: ಹೆಚ್ಚು ಜನರಿದ್ದರೆ ಕೆ.ಎಸ್.ಆರ್.ಟಿ.ಸಿ.ಯ ಸಾಂದರ್ಭಿಕ ಒಪ್ಪಂದದ ಬಸ್ಸು ಅಥವಾ ಖಾಸಗಿ ಟಿ.ಟಿ. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಲೆಕ್ಕ, ಚಾಲಕರ ಬಾಟಾ, ಟೋಲ್ ಯಾರದ್ದು ಎಂಬುದನ್ನು ಬರೆಸಿಕೊಳ್ಳಿ. ಹಳದಿ ಬೋರ್ಡಿನ ಗಾಡಿಯನ್ನೇ ಗೊತ್ತು ಮಾಡಿ. ಪರಿಚಯದವರ ಬಿಳಿ ಬೋರ್ಡ್ ಗಾಡಿ ಅಗ್ಗಕ್ಕೆ ಸಿಗಬಹುದು, ಆದರೆ ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆ ಕೈಕೊಡುವ ಸಂಭವವಿದೆ.

ಇಲ್ಲಿಂದ ಹೋಗುವವರು ದೇವನಹಳ್ಳಿಯಲ್ಲಿ ನಡುರಾತ್ರಿ ಇಳಿದು ನೇರ ಕಾರು ಹತ್ತಿ ಸಾಗರಕ್ಕೆ ಹೊರಡಬೇಡಿ. ನಿದ್ದೆಗೆಟ್ಟ ಪ್ರಯಾಣಿಕರು, ನಿದ್ದೆಗೆಟ್ಟ ಚಾಲಕ, ಎರಡೂ ಒಂದೇ ಗಾಡಿಯಲ್ಲಿ ಬೇಡ. ಒಂದು ದಿನ ಬೆಂಗಳೂರಿನಲ್ಲಿ ಉಳಿಯಿರಿ.

ಕೊನೆಯ ಎರಡು ಕಿಲೋಮೀಟರ್

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಭಾಗ ಇದು. ಸಾಗರದಿಂದ ನಮ್ಮ ಮನೆಗೆ 22 ಕಿ.ಮೀ., 45 ನಿಮಿಷ. ಕೊನೆಯ 2 ಕಿ.ಮೀ. ಮಣ್ಣು ರಸ್ತೆ, ನಡುವೆ ಕಿರಿದಾದ ಮೋರಿ. ಮಿನಿ ಬಸ್ಸು, ಟಿ.ಟಿ. ಡಾಂಬರು ಮುಗಿದಲ್ಲೇ ನಿಲ್ಲಬೇಕು. ಮುಂದಕ್ಕೆ ಜೀಪು.

ಲಾಡ್ಜು, ಹೋಂಸ್ಟೇ ಸೇರಿ ಬರಬೇಕಾದವರು 46 ಜನ. 21 ಸೀಟಿನ ಮಿನಿ ಬಸ್ಸು, 12 ಸೀಟಿನ ಟಿ.ಟಿ. ಸೇರಿದರೆ ಒಂದು ಸುತ್ತಿಗೆ 33. ಬೆಳಿಗ್ಗೆ 6:30ಕ್ಕೆ ಮೊದಲ ಸುತ್ತು ಹೊರಟರೆ, ಬಸ್ಸು ಹಿಂತಿರುಗಿ 8:15ಕ್ಕೆ ಉಳಿದ 13 ಜನರನ್ನು ಹತ್ತಿಸಿಕೊಂಡು 9 ಗಂಟೆಗೆ ಬರುತ್ತದೆ. ಮುಹೂರ್ತ 10:40ಕ್ಕೆ. ಕಾಗದದ ಮೇಲೆ ಸರಿಯಾಗಿದೆ.

ಈಗ ಜೀಪಿನ ಲೆಕ್ಕ ನೋಡಿ. ಎರಡು ಜೀಪು, ತಲಾ 7 ಜನ, ಹೋಗಲು 10 ನಿಮಿಷ, ಬರಲು 10 ನಿಮಿಷ. 33 ಜನರಿಗೆ ಮೂರು ಸುತ್ತು ಬೇಕು, ಕೊನೆಯವರು ಮನೆ ಮುಟ್ಟುವಾಗ 50 ನಿಮಿಷ. ಅಂದರೆ 22 ಕಿ.ಮೀ. ದಾರಿಗಿಂತ 2 ಕಿ.ಮೀ. ದಾರಿಗೇ ಹೆಚ್ಚು ಹೊತ್ತು! ಬೆಂಗಳೂರಿನಿಂದ ಇನ್ನೊಂದು ಬಸ್ಸು ತರಿಸಿದರೂ ಪ್ರಯೋಜನವಿಲ್ಲ, ಕಾಯುವವರ ಸಾಲು ಉದ್ದವಾಗುತ್ತದೆ ಅಷ್ಟೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೆಯೇ: ಎಲ್ಲಿ ಕಿರಿದೋ ಅಲ್ಲಿ ಸರಿಮಾಡದೆ ಬೇರೆಡೆ ಎಷ್ಟು ಸುರಿದರೂ ವೇಗ ಹೆಚ್ಚದು.

ಪರಿಹಾರ ಸರಳ. ತೋಟದ ನಡುವಿನ ಕಾಲುದಾರಿಯನ್ನು ಸವರಿಸಿ, ಬಾಣದ ಗುರುತು ಹಾಕಿ, ದಾರಿಯ ನಡುವೆ ಪಾನಕ, ಮಜ್ಜಿಗೆ ಇಟ್ಟೆವು. ನಡೆಯಬಲ್ಲವರು ಸಂತೋಷದಿಂದ ನಡೆದರು. ಜೀಪುಗಳು ಹಿರಿಯರಿಗೆ, ಕೂಸು ಎತ್ತಿಕೊಂಡವರಿಗೆ ಮಾತ್ರ ಎಂದಾಯಿತು, ಒಂದೇ ಸುತ್ತಿನಲ್ಲಿ ಮುಗಿಯಿತು. ಡಾಂಬರು ಮುಗಿಯುವಲ್ಲಿ ಕುರ್ಚಿ, ನೀರು, ನೆರಳು ಇರಲಿ.

ಮೊದಲ ಭೇಟಿಯಲ್ಲೇ ನಿಮ್ಮ ಊರಿನ ಈ "ಕಿರಿದಾದ ಜಾಗ" ಯಾವುದೆಂದು ಹುಡುಕಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಅದು ಲಾಂಚ್ ಆಗಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ದೂರದ ಸುತ್ತು ಹಾಕಬೇಕಿತ್ತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲೆ ಆ ಭಾಗದ ಮದುವೆಗಳ ಲೆಕ್ಕವೇ ಬದಲಾಗಿದೆ.

ಮರೆಯಬಾರದ ಕೆಲವು ಸಂಗತಿಗಳು

1. ಮೊಬೈಲ್ ಸಿಗದ ಕಡೆ ಗೂಗಲ್ ನಕ್ಷೆ ಕೈಕೊಡುತ್ತದೆ. ಪ್ರತಿ ತಿರುವಿನಲ್ಲಿ "ಮದುವೆ ಮನೆಗೆ ದಾರಿ" ಬೋರ್ಡು ಮತ್ತು ಚಾಲಕರಿಗೆ ಕೈಯಲ್ಲಿ ಬರೆದ ನಕ್ಷೆ ಕೊಡಿ.

2. ಚಾಲಕರಿಗೆ ಊಟ, ಸ್ನಾನ, ಮಲಗಲು ಶಾಂತವಾದ ಜಾಗ ಕೊಡಿ. 96 ಜನರ ಜೊತೆ ಅವರನ್ನೂ ಎಣಿಸಿ. ನಮ್ಮ ನೆಂಟರ ಪ್ರಾಣ ಅವರ ಕೈಯಲ್ಲಿದೆ.

3. ಬರುವಾಗ ಜನ ಎರಡು ದಿನದಲ್ಲಿ ಚದುರಿ ಬರುತ್ತಾರೆ, ಹೋಗುವಾಗ ಎಲ್ಲರೂ ಊಟ ಮುಗಿಸಿ ಒಟ್ಟಿಗೆ ಏಳುತ್ತಾರೆ. ಗಾಡಿಗಳ ಸಂಖ್ಯೆಯನ್ನು ವಾಪಸಾತಿಯ ಲೆಕ್ಕದಲ್ಲಿ ಗೊತ್ತು ಮಾಡಿ. ರಾತ್ರಿ ರೈಲಿನವರನ್ನು ಮೊದಲು ಕಳಿಸಿ.

4. ರಾತ್ರಿಯಿಡೀ ಒಂದು ಗಾಡಿ, ಎಚ್ಚರವಾಗಿರಬಲ್ಲ ಒಬ್ಬ ಚಾಲಕ ಮನೆಯಲ್ಲಿರಲಿ. 108ಕ್ಕೆ ಕರೆ ಹೋಗದ ಜಾಗದಲ್ಲಿ ಅದೇ ಆಂಬ್ಯುಲೆನ್ಸ್. ಸಾಗರದ ಉಪವಿಭಾಗೀಯ ಆಸ್ಪತ್ರೆಯ ದಾರಿ ಆ ಚಾಲಕರಿಗೆ ಗೊತ್ತಿರಲಿ.

5. ಇಲ್ಲಿಂದ ಹೋದ ಮಕ್ಕಳು ಕಾಡಿನ ಕಡೆ ಅಲೆಯದಂತೆ ನೋಡಿಕೊಳ್ಳಿ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಶಿವಮೊಗ್ಗ ಜಿಲ್ಲೆಯಲ್ಲಿ. ಬೇಸಿಗೆಯ ಮದುವೆಯಾದರೆ ಹೆಚ್ಚು ಜಾಗ್ರತೆ ಬೇಕು.

ಉಸ್ತುವಾರಿ ಊರಿನವರ ಕೈಗೆ

ಎಕ್ಸೆಲ್ ಹಾಳೆ ನಾವು ಇಲ್ಲಿ ಕೂತು ಎಷ್ಟು ಚೆನ್ನಾಗಿ ಮಾಡಿದರೂ, ಮದುವೆಯ ದಿನ ಯಾವ ಗಾಡಿ ಎಲ್ಲಿಗೆ ಎಂದು ಹೇಳುವವರು ಒಬ್ಬರೇ ಇರಬೇಕು. ಅವರು ಊರಿನವರಾಗಿರಬೇಕು, ಮಂಟಪದಲ್ಲಿ ಕೂರಬೇಕಾದವರಾಗಿರಬಾರದು. ನಮ್ಮಲ್ಲಿ ಸಾಗರದಲ್ಲಿರುವ ಭಾವ ಈ ಹೊಣೆ ಹೊತ್ತರು. ಪಟ್ಟಿಯ ಒಂದು ಪ್ರತಿ ಅವರ ಜೇಬಿನಲ್ಲಿ, ಒಂದು ಲಾಡ್ಜಿನಲ್ಲಿ, ಒಂದು ಜೀಪಿನ ಚಾಲಕರ ಹತ್ತಿರ. ಅವರು ಪಟ್ಟಿ ಬದಲಿಸಿದರೆ ನಾವು ಪ್ರಶ್ನಿಸುವಂತಿಲ್ಲ ಎಂದು ಮೊದಲೇ ಮಾತಾಗಿತ್ತು.

ಇಷ್ಟೆಲ್ಲ ಯಾಕೆ ಎನ್ನಬಹುದು. ತೋಟದ ಮನೆಯಲ್ಲಿ ಮದುವೆ ಇಟ್ಟದ್ದೇ ಹಿರಿಯರಿಗಾಗಿ. ಮುಹೂರ್ತದ ಹೊತ್ತಿಗೆ ಅಜ್ಜಿಯ ಅಕ್ಕತಂಗಿಯರು ರಸ್ತೆಯ ಬದಿಯಲ್ಲಿ ಜೀಪಿಗೆ ಕಾಯುತ್ತಾ ನಿಂತಿದ್ದರೆ ಮದುವೆ ಎಲ್ಲಿ ಮಾಡಿದರೇನು? ಅವರು ಮೊದಲ ಸಾಲಿನಲ್ಲಿ ಕೂತು ಅಕ್ಷತೆ ಹಾಕಬೇಕು. ಆದ್ದರಿಂದ ಪಟ್ಟಿಯನ್ನು ಅವರಿಂದಲೇ ಶುರು ಮಾಡಿ, ಉಳಿದವರನ್ನು ಆಮೇಲೆ ಹೊಂದಿಸಿ.

ನಿಮ್ಮ ಮನೆಯ ಮಂಗಳ ಕಾರ್ಯ ನಿರ್ವಿಘ್ನವಾಗಿ ನೆರವೇರಲಿ ಎಂದು ಹಾರೈಸುತ್ತೇವೆ.