ವಿದ್ಯುತ್ ಹೋದಾಗ ಲೆಕ್ಕ ಉಳಿಯುವುದೇ? ಪರೀಕ್ಷಿಸಿ ನೋಡುವ ಕ್ರಮ

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲಿಯೂ ಖಾನಾಪುರದ ಅಂಗಡಿಗಳಲ್ಲಿಯೂ ಬಿಲ್ಲು, ದಾಸ್ತಾನು, ಉದ್ದರಿಗಳ ಲೆಕ್ಕವು ಇಂದು ಬಹುಮಟ್ಟಿಗೆ ಗಣಕಯಂತ್ರದಲ್ಲಿದೆ. ಸಹ್ಯಾದ್ರಿಯ ಅಂಚಿನ ಖಾನಾಪುರದಲ್ಲಿ ಮಳೆಗಾಲದ ವಿದ್ಯುತ್ ಕಡಿತ ಹೊಸತಲ್ಲ. ಬಿಲ್ಲು ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಆ ಲೆಕ್ಕದ ಗತಿಯೇನೆಂಬುದನ್ನು ವರ್ತಕರು ಮುಂಚಿತವಾಗಿ ತಿಳಿದಿರುವುದು ಅವಶ್ಯ.

ಕಾನೂನು ಸಹ ಇದನ್ನು ಅಪೇಕ್ಷಿಸುತ್ತದೆ. ಕೇಂದ್ರ ಜಿಎಸ್‌ಟಿ ನಿಯಮಗಳು, 2017ರ 56ನೇ ನಿಯಮದಂತೆ, ಗಣಕಯಂತ್ರದ ಲೆಕ್ಕದಲ್ಲಿ ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ಲಾಗ್ ಇರತಕ್ಕದ್ದು. ಅಪಘಾತದಿಂದಾಗಲೀ ನೈಸರ್ಗಿಕ ಕಾರಣದಿಂದಾಗಲೀ ದಾಖಲೆ ನಾಶವಾದರೆ ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇರಬೇಕೆಂದು 57ನೇ ನಿಯಮ ವಿಧಿಸುತ್ತದೆ. ಕಂಪನಿಗಳಿಗಂತೂ, ಸ್ಥಗಿತಗೊಳಿಸಲಾಗದ ಎಡಿಟ್ ಲಾಗ್ ಉಳ್ಳ ತಂತ್ರಾಂಶವು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ.

ದತ್ತಾಂಶ ಭಂಡಾರದ ಒಳಗೂ ಒಂದು ಲಾಗ್ ಇರುತ್ತದೆ. ಇದರ ತತ್ತ್ವ ನಮ್ಮ ವರ್ತಕರಿಗೆ ಅಪರಿಚಿತವೇನಲ್ಲ. ವ್ಯವಹಾರವನ್ನು ಮೊದಲು ಕಿರ್ದಿಗೆ ಬರೆದು ನಂತರ ಖತಾವಣಿಗೆ ಏರಿಸುವುದು ಹಳೆಯ ಪದ್ಧತಿ. ಖತಾವಣಿ ಕೆಟ್ಟರೂ ಕಿರ್ದಿಯಿಂದ ಪುನಃ ಬರೆಯಬಹುದು. ಹಾಗೆಯೇ ಉತ್ತಮ ತಂತ್ರಾಂಶವು ಮೊದಲು ಲಾಗ್‌ಗೆ ಬರೆದು, ನಂತರ ಮೂಲ ಕಡತವನ್ನು ಬದಲಿಸುತ್ತದೆ. ಪುನರಾರಂಭದಲ್ಲಿ ಲಾಗ್ ಓದಿ, ಪೂರ್ಣಗೊಂಡ ನಮೂದನ್ನು ಉಳಿಸಿ, ಅರ್ಧಕ್ಕೆ ನಿಂತದ್ದನ್ನು ರದ್ದುಪಡಿಸುತ್ತದೆ. ಐಬಿಎಂ ಸಂಸ್ಥೆಯ ಸಿ. ಮೋಹನ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ ‘ಏರೀಸ್’ ಈ ಬಗೆಯ ಪ್ರಸಿದ್ಧ ವಿಧಾನವಾಗಿದೆ.

ಆದರೆ ಲಾಗ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ‘ಉಳಿಸಲಾಗಿದೆ’ ಎಂದು ಪರದೆಯ ಮೇಲೆ ಕಂಡರೂ ನಮೂದು ಇನ್ನೂ ತಾತ್ಕಾಲಿಕ ಸ್ಮರಣೆಯಲ್ಲಿಯೇ ಇದ್ದು, ಡಿಸ್ಕ್ ತಲುಪದಿರುವ ಸಂಭವವುಂಟು. ಆದುದರಿಂದ ತಂತ್ರಾಂಶವನ್ನಷ್ಟೇ ಬಲವಂತವಾಗಿ ಮುಚ್ಚಿ ನೋಡುವುದು ಸಾಲದು. ವಿದ್ಯುತ್ತನ್ನೇ ಕಡಿದು ನೋಡಬೇಕು.

ಈ ಪರೀಕ್ಷೆಯನ್ನು ಚಾಲ್ತಿ ಲೆಕ್ಕದ ಮೇಲೆ ಎಂದಿಗೂ ಮಾಡಬಾರದು. ಬೇರೊಂದು ಯಂತ್ರದಲ್ಲಿ ಲೆಕ್ಕದ ಪ್ರತಿಯನ್ನಿಟ್ಟು, ಯುಪಿಎಸ್ ಇಲ್ಲದೆ, ತಂತ್ರಾಂಶ ಪೂರೈಸಿದವರ ಸಮ್ಮುಖದಲ್ಲಿ ಮಾಡುವುದು ಲೇಸು. ಕ್ರಮಸಂಖ್ಯೆಯ ಬಿಲ್ಲುಗಳನ್ನು ಬರೆಯುತ್ತ, ‘ಉಳಿಸಲಾಗಿದೆ’ ಎಂದು ಬಂದ ಪ್ರತಿಯೊಂದು ಸಂಖ್ಯೆಯನ್ನೂ ಕಾಗದದಲ್ಲಿ ಗುರುತಿಸಿಕೊಳ್ಳಬೇಕು. ನಡುವೆ ವಿದ್ಯುತ್ ಕಡಿದು, ಪುನಃ ಆರಂಭಿಸಿ ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕು:

1. ಕಾಗದದಲ್ಲಿ ಗುರುತಿಸಿದ ಎಲ್ಲ ಬಿಲ್ಲುಗಳೂ ಇವೆಯೇ?
2. ಅರ್ಧ ಬರೆದ ಬಿಲ್ಲಿನಿಂದ ದಾಸ್ತಾನು ಕಡಿಮೆಯಾಗಿ, ಗಿರಾಕಿಯ ಖಾತೆಗೆ ಏರದೆ ಉಳಿದಿದೆಯೇ?
3. ತಿದ್ದುಪಡಿಗಳ ಎಡಿಟ್ ಲಾಗ್ ದಿನಾಂಕ, ವೇಳೆ ಸಹಿತ ಪೂರ್ಣವಾಗಿದೆಯೇ?
4. ಚೇತರಿಕೆಗೆ ಎಷ್ಟು ನಿಮಿಷ ಹಿಡಿಯಿತು?

ಕಡಿತವು ಯಾವ ಕ್ಷಣದಲ್ಲಿ ಬೀಳುವುದೆಂದು ಹೇಳಲಾಗದ ಕಾರಣ ಒಂದು ಸಲದ ಪರೀಕ್ಷೆ ಸಾಲದು. ಬೇರೆ ಬೇರೆ ಹಂತದಲ್ಲಿ ಹಲವು ಬಾರಿ ಮಾಡಬೇಕು. ಚೇತರಿಕೆ ನಡೆಯುತ್ತಿರುವಾಗಲೂ ಒಮ್ಮೆ ವಿದ್ಯುತ್ ಕಡಿಯಬೇಕು. ಆಗಲೂ ಫಲಿತಾಂಶ ಅದೇ ಬರಬೇಕು. ಒಂದು ಬಿಲ್ಲು ಎರಡು ಬಾರಿ ಏರಿರಬಾರದು.

2019ರ ಆಗಸ್ಟ್ ತಿಂಗಳ ಪ್ರವಾಹದಂತಹ ಸಂದರ್ಭದಲ್ಲಿ ಯಂತ್ರವೇ ನೀರುಪಾಲಾದರೆ ಅದರೊಳಗಿನ ಲಾಗ್ ಸಹ ಹೋಗುತ್ತದೆ. ಆದ್ದರಿಂದ ಬ್ಯಾಕಪ್ ಬೇರೆ ಸ್ಥಳದಲ್ಲಿರಬೇಕು. ಅದರಿಂದ ಲೆಕ್ಕವನ್ನು ಮರಳಿ ಪಡೆದೂ ನೋಡಿರಬೇಕು. ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲಿ ಒಂದು ದಿನವನ್ನು ಇದಕ್ಕೆ ಮೀಸಲಿಟ್ಟು, ಫಲಿತಾಂಶವನ್ನು ದಿನಾಂಕ ಸಹಿತ ಬರೆದಿಡುವುದು ಯೋಗ್ಯ.