ಗಂಟು ಎಷ್ಟು ಕರಗಿತು?

ಹೊಲಿಗೆ ಕಲಿಯುವವರಿಗೆ ಮೊದಲ ಪಾಠವೇ ಅಳತೆ. ಟೇಪು ಕೊಂಚ ಆಚೀಚೆಯಾದರೂ ರವಿಕೆ ಕೆಟ್ಟಿತು. ಕ್ಯಾನ್ಸರ್ ಚಿಕಿತ್ಸೆಯಲ್ಲೂ ಇಂಥದೊಂದು ಅಳತೆ ಇದೆ. ಅದು ಗೊತ್ತಿಲ್ಲದೆ ನಮ್ಮ ಮನೆಯಲ್ಲಿ ಚಿಕಿತ್ಸೆಯೇ ನಿಂತುಹೋಗುವುದರಲ್ಲಿತ್ತು.

ಪೀಣ್ಯದ ಗಾರ್ಮೆಂಟ್ಸಿಗೆ ಹೋಗುತ್ತಿದ್ದ ನನ್ನ ನಾದಿನಿಗೆ ಸ್ತನದ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿತ್ತು. ಮೂರು ಸಲ ಕಿಮೋ ಆದ ಮೇಲೆ ರಿಪೋರ್ಟಿನಲ್ಲಿ ‘ಸ್ಟೇಬಲ್’ ಎಂದು ಬಂತು. “ಅತ್ತಿಗೆ, ಕೂದಲೂ ಹೋಯ್ತು, ಗಂಟೂ ಹೋಗ್ಲಿಲ್ಲ. ಇನ್ನು ನಾನು ಆಸ್ಪತ್ರೆಗೆ ಬರಲ್ಲ” ಅಂತ ಕೂತುಬಿಟ್ಟಳು. ಹೇಗೋ ಒಪ್ಪಿಸಿ ಕರೆದುಕೊಂಡು ಹೋದೆ. ವೈದ್ಯರು ಚೀಟಿಯ ಮೇಲೆ ಲೆಕ್ಕ ಬರೆದು ತೋರಿಸಿದರು.

ಚಿಕಿತ್ಸೆಗೆ ಮುಂಚೆ ಸ್ಕ್ಯಾನ್ ತೆಗೆದು ಅಳೆಯಲು ಬರುವಂಥ ಗಂಟುಗಳನ್ನು ಆರಿಸುತ್ತಾರೆ. ಒಂದು ಅಂಗದಲ್ಲಿ ಹೆಚ್ಚೆಂದರೆ 2, ಒಟ್ಟು 5. ಒಂದೊಂದರ ಅತಿ ಉದ್ದದ ಅಳತೆ ತೆಗೆದು ಕೂಡಿಸುತ್ತಾರೆ. ಇವಳಿಗೆ 32 ಮತ್ತು 18, ಒಟ್ಟು 50 ಮಿಲಿಮೀಟರ್ ಇತ್ತು. ಈಗ 27 ಮತ್ತು 15, ಒಟ್ಟು 42. ಅಂದರೆ ನೂರಕ್ಕೆ 16ರಷ್ಟು ಇಳಿದಿದೆ!

ನೂರಕ್ಕೆ 30 ಅಥವಾ ಹೆಚ್ಚು ಇಳಿದರೆ ‘ಭಾಗಶಃ ಗುಣ’ ಎನ್ನುತ್ತಾರೆ. ಎಲ್ಲವೂ ಮಾಯವಾದರೆ ‘ಪೂರ್ಣ’. ಅತಿ ಕಡಿಮೆ ಇದ್ದ ಮೊತ್ತಕ್ಕಿಂತ ನೂರಕ್ಕೆ 20ರಷ್ಟು, ಕಡೇಪಕ್ಷ 5 ಮಿಲಿಮೀಟರ್ ಏರಿದರೆ, ಇಲ್ಲವೆ ಹೊಸ ಗಂಟು ಕಂಡರೆ, ರೋಗ ಮುಂದುವರಿದಿದೆ ಎಂದರ್ಥ. ನಡುವಿನದೆಲ್ಲ ‘ಸ್ಟೇಬಲ್’. ಬೆಳೆಯುತ್ತಿದ್ದ ರೋಗಕ್ಕೆ ತಡೆ ಬಿದ್ದಿದೆ ಎಂದು, ಔಷಧಿ ಸೋತಿದೆ ಎಂದಲ್ಲ. 2000ದಲ್ಲಿ ಬಂದು 2009ರಲ್ಲಿ ತಿದ್ದುಪಡಿಯಾದ ಈ ಲೆಕ್ಕಕ್ಕೆ ‘ರೆಸಿಸ್ಟ್’ ಎಂದು ಹೆಸರು.

ದಿನವೂ ಬೆರಳಿನಿಂದ ಒತ್ತಿ ನೋಡಿಕೊಳ್ಳುವವರಿಗೆ ಒಂದು ಮಾತು. 1976ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ, ಫೋಮಿನ ಕೆಳಗೆ 12 ಗುಂಡುಗಳನ್ನಿಟ್ಟು 16 ಮಂದಿ ಅನುಭವಿ ಕ್ಯಾನ್ಸರ್ ವೈದ್ಯರಿಂದ ಮುಟ್ಟಿ ಅಳೆಸಿದರು. ಒಂದೇ ಗಾತ್ರದ ಗುಂಡುಗಳಿಗೂ ಬೇರೆ ಬೇರೆ ಅಳತೆ ಬಂತು. ಪಳಗಿದ ಕೈಗೇ ಹೀಗಾದರೆ ನಮ್ಮ ಬೆರಳಿನ ಪಾಡೇನು?

ಆದ್ದರಿಂದ ಇವನ್ನು ನೆನಪಿಡಿ. ಹೊಸೂರು ರಸ್ತೆಯ ಕಿದ್ವಾಯಿಗೋ ಬೊಮ್ಮಸಂದ್ರದ ಆಸ್ಪತ್ರೆಗೋ ಬರುವಾಗ ಊರಿನಲ್ಲಿ ತೆಗೆಸಿದ ಹಳೆಯ ಫಿಲ್ಮು, ಸಿ.ಡಿ., ರಿಪೋರ್ಟು ಎಲ್ಲ ತನ್ನಿ. ಹಳೆಯದಿಲ್ಲದೆ ಹೊಸದನ್ನು ಯಾವುದರ ಜೊತೆ ಹೋಲಿಸುವುದು? ಸಾಧ್ಯವಾದಷ್ಟೂ ಪ್ರತಿ ಸಲ ಒಂದೇ ಬಗೆಯ ಸ್ಕ್ಯಾನ್ ಆಗಲಿ. “ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಹೊಸದೇನಾದರೂ ಇದೆಯೇ?” ಎಂದು ಸಂಕೋಚಪಡದೆ ಕೇಳಿ, ತಾರೀಖಿನೊಂದಿಗೆ ಬರೆದಿಡಿ. ಗಂಟಿನ ಅಳತೆಯೊಂದೇ ಸಾಲದು. ನೋವು, ತೂಕ, ಊಟ, ಉಸಿರು ಹೇಗಿದೆ ಎಂಬುದನ್ನೂ ವೈದ್ಯರಿಗೆ ಹೇಳಿ.

ನಾದಿನಿ ಚಿಕಿತ್ಸೆ ಬಿಡಲಿಲ್ಲ. ಆರನೆಯ ಕಿಮೋ ಆದ ಮೇಲೆ ಮೊತ್ತ 40. ಈಗಲೂ ಸ್ಟೇಬಲ್ಲೇ. ಆದರೆ ಈ ಸಲ ಅವಳು ಅಳಲಿಲ್ಲ. ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ತಾನೇ 40 ಎಂದು ಬರೆದು, “ಅತ್ತಿಗೆ, ಸಾರಿಗೆ ಬೇಳೆ ಇಡಲಾ?” ಅಂದಳು.