ಒಕ್ಕಲಿಗನ ಬ್ಯಾಂಕು ಖಾತೆಯೂ ಕಾಣದ ಕಳ್ಳನೂ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಎರೆಭೂಮಿಯಲ್ಲಿ ಕಬ್ಬು ಬೆಳೆಯತಕ್ಕ ಒಕ್ಕಲಿಗರು ಗೊಣ್ಣೆಹುಳದ ಸ್ವಭಾವವನ್ನು ಚೆನ್ನಾಗಿ ಬಲ್ಲರು. ಮೇಲೆ ಗರಿಯು ಹಸುರಾಗಿ ತೋರುತ್ತಿರುವಾಗಲೇ ಕೆಳಗೆ ಬೇರು ತಿನ್ನಲ್ಪಟ್ಟಿರುತ್ತದೆ. ಗರಿ ಹಳದಿಗೆ ತಿರುಗಿ, ಕೈಯಿಂದ ಎಳೆದ ಮಾತ್ರಕ್ಕೆ ಗಡ್ಡೆ ಕಿತ್ತು ಬರುವ ಹೊತ್ತಿಗೆ ಉಪಾಯದ ಕಾಲವು ಮೀರಿ ಹೋಗಿರುತ್ತದೆ. ಇದೇ ಬಗೆಯ ಮತ್ತೊಂದು ಪೀಡೆಯು ಈಗ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಒಕ್ಕಲಿಗರನ್ನು ಮುತ್ತಬಲ್ಲುದಾಗಿದೆ. ಅದು ಹೊಲದಲ್ಲಿ ಹುಟ್ಟುವುದಲ್ಲ, ಬ್ಯಾಂಕಿನ ಖಾತೆಯಲ್ಲಿ. ಸೈಬರ್ ಅಪರಾಧವೆಂದು ಅದನ್ನು ಕರೆಯುವರು. ಮುಧೋಳದ ನಾಯಿಯು ರಾತ್ರಿಯ ಹೊತ್ತು ಅಪರಿಚಿತನ ಹೆಜ್ಜೆಯ ಸಪ್ಪಳಕ್ಕೆ ಬೊಗಳೀತು. ಈ ಕಳ್ಳನಿಗೆ ಹೆಜ್ಜೆಯೇ ಇಲ್ಲ.

ಹಿಂದೆ ಒಕ್ಕಲಿಗನ ಹಣವು ಅವನ ಸೊಂಟದ ಚೀಲದಲ್ಲಿಯೋ, ಮನೆಯ ಪೆಟ್ಟಿಗೆಯಲ್ಲಿಯೋ ಇರುತ್ತಿತ್ತು. ಈಗ ಸಕ್ಕರೆ ಕಾರಖಾನೆಯ ಕಬ್ಬಿನ ಬಿಲ್ಲು, ಸಹಕಾರಿ ಸಂಘದ ಬೆಳೆಸಾಲ, ೨೦೧೯ರಿಂದ ಕೇಂದ್ರ ಸರಕಾರವು ವರ್ಷಕ್ಕೆ ಮೂರು ಕಂತುಗಳಲ್ಲಿ ಕೊಡುತ್ತಿರುವ ಕಿಸಾನ್ ಸಮ್ಮಾನದ ೬,೦೦೦ ರೂಪಾಯಿ, ಇವೆಲ್ಲವೂ ಖಾತೆಗೇ ಜಮೆಯಾಗುತ್ತವೆ. ರಬಕವಿ ಬನಹಟ್ಟಿಗಳ ಮಗ್ಗದವರ ಸೀರೆಯ ವ್ಯಾಪಾರವೂ ಬಹಳ ಮಟ್ಟಿಗೆ ಫೋನಿನ ಮೂಲಕವೇ ನಡೆಯುತ್ತದೆ. ಹಣವು ಎಲ್ಲಿಗೆ ಹೋಯಿತೋ ಕಳ್ಳನೂ ಅಲ್ಲಿಗೆ ಹೋದನು. ಕೇಂದ್ರ ಸರಕಾರವು ಸಂಸತ್ತಿಗೆ ತಿಳಿಸಿದ ಲೆಕ್ಕದ ಪ್ರಕಾರ, ಇಂಥ ವಂಚನೆಗಳಿಂದ ದೇಶದ ಜನರು ೨೦೨೩ರಲ್ಲಿ ಸುಮಾರು ೭,೪೬೫ ಕೋಟಿ ರೂಪಾಯಿಗಳನ್ನೂ ೨೦೨೪ರಲ್ಲಿ ಸುಮಾರು ೨೨,೮೪೫ ಕೋಟಿ ರೂಪಾಯಿಗಳನ್ನೂ ಕಳೆದುಕೊಂಡರು. ಒಂದೇ ವರ್ಷದಲ್ಲಿ ಹಾನಿಯು ಮೂರು ಪಟ್ಟಾಯಿತು.

ಈ ನಾಲ್ಕು ತಾಲೂಕುಗಳಲ್ಲಿ ವಿಷಯವನ್ನು ಹೆಚ್ಚು ಜಾಗರೂಕತೆಯಿಂದ ನೋಡಬೇಕಾದುದಕ್ಕೆ ವಿಶೇಷ ಕಾರಣವೊಂದುಂಟು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಆಲಮಟ್ಟಿ ಜಲಾಶಯದ ಮಟ್ಟವನ್ನು ೫೧೯.೬೦ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸತಕ್ಕದ್ದೆಂಬ ಉದ್ದೇಶವಿದೆ. ಅದರಿಂದ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ ೪೦ ಲಕ್ಷ, ಒಣ ಬೇಸಾಯದ ಜಮೀನಿಗೆ ಎಕರೆಗೆ ೩೦ ಲಕ್ಷ ರೂಪಾಯಿಗಳಂತೆ ಪರಿಹಾರ ಕೊಡಲು ರಾಜ್ಯದ ಸಚಿವ ಸಂಪುಟವು ೨೦೨೫ನೆಯ ಸೆಪ್ಟೆಂಬರಿನಲ್ಲಿ ನಿರ್ಣಯಿಸಿತು. ನಾಲ್ಕು ಎಕರೆ ನೀರಾವರಿಯುಳ್ಳ ಕುಟುಂಬಕ್ಕೆ ಇದು ಒಂದು ಕೋಟಿ ಅರುವತ್ತು ಲಕ್ಷವಾಗುತ್ತದೆ. ಅಷ್ಟು ಹಣವನ್ನು ಒಂದೇ ಸಲಕ್ಕೆ ಖಾತೆಯಲ್ಲಿ ಕಂಡ ಮನೆತನಗಳು ಹೊಳೆದಂಡೆಯ ಊರುಗಳಲ್ಲಿ ಎಷ್ಟಿವೆ? ಬೆಳೆ ಹೋದರೆ ಮುಂದಿನ ಮಳೆಗಾಲವಿದೆ. ಮುಳುಗಿದ ಭೂಮಿಯ ಬೆಲೆಯೇ ಹೋದರೆ ಆ ಮನೆಗೆ ಭೂಮಿಯೂ ಇಲ್ಲ, ಹಣವೂ ಇಲ್ಲ.

ಇನ್ನು ಕಳವು ಹೇಗೆ ಆಗುತ್ತದೆಂಬುದನ್ನು ನಮ್ಮ ರಾಜ್ಯದ ಉದಾಹರಣೆಯಿಂದಲೇ ತಿಳಿಯಬಹುದು. ಹೊಸಪೇಟೆಯಲ್ಲಿ ಮುಖ್ಯ ಕಚೇರಿಯುಳ್ಳ ಬಳ್ಳಾರಿ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನಿಂದ ೨೦೨೫ನೆಯ ಜನವರಿಯಲ್ಲಿ ೨.೩೪ ಕೋಟಿ ರೂಪಾಯಿಗಳು ಅಪಹರಿಸಲ್ಪಟ್ಟವು. ಗ್ರಾಹಕರು ಬೇರೆ ಬೇರೆ ಊರಿನವರಿಗೆ ಹಣ ಕಳುಹಲು ಬ್ಯಾಂಕಿಗೆ ಚೀಟಿ ಬರೆದು ಕೊಟ್ಟರು. ಬ್ಯಾಂಕಿನವರು ಪದ್ಧತಿಯಂತೆ ಎಲ್ಲವನ್ನೂ ಒಂದು ಗಣಕಯಂತ್ರದ ಕಡತದಲ್ಲಿ ಸೇರಿಸಿ ಮತ್ತೊಂದು ಬ್ಯಾಂಕಿನ ಮೂಲಕ ಮುಂದಕ್ಕೆ ಕಳುಹಿದರು. ದಾರಿಯಲ್ಲಿ ಆ ಕಡತವು ತಿದ್ದಲ್ಪಟ್ಟಿತು. ಹಣ ಪಡೆಯಬೇಕಾದವರ ಹೆಸರುಗಳು ಹಾಗೆಯೇ ಇದ್ದವು. ಖಾತೆಯ ಸಂಖ್ಯೆಯೂ ಬ್ಯಾಂಕಿನ ಸಂಕೇತವೂ ಮಾತ್ರ ಬೇರೆಯಾದವು. ಹಣವು ಬೇರೆ ರಾಜ್ಯಗಳಲ್ಲಿದ್ದ ಸುಮಾರು ೨೫ ಖಾತೆಗಳಿಗೆ ಹರಿದು ಹೋಯಿತು. ತಮಗೆ ಹಣ ತಲುಪಲಿಲ್ಲವೆಂದು ಜನರು ದೂರಿದ ಮೇಲೆಯೇ ಸಂಗತಿ ಬಯಲಾಯಿತು.

ಹೆಸರು ಸರಿಯಿದ್ದೂ ಹಣ ಬೇರೆಡೆಗೆ ಹೋದದ್ದು ಹೇಗೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಖರೇದಿಪತ್ರದಲ್ಲಿ ಹೆಸರು ಸರಿಯಾಗಿದ್ದು ಸರ್ವೆ ನಂಬರು ತಪ್ಪಾಗಿದ್ದರೆ ತಂಟೆ ಯಾವ ಹೊಲದ ಮೇಲೆ ಬೀಳುತ್ತದೆಂಬುದನ್ನು ಜಮೀನುದಾರರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಬ್ಯಾಂಕಿನ ಯಂತ್ರವೂ ಹಾಗೆಯೇ. ಅದು ಸಂಖ್ಯೆಯನ್ನು ನೋಡುತ್ತದೆ, ಹೆಸರನ್ನಲ್ಲ. ಹಣ ಕಳುಹುವ ಮುಂಚೆ ಆ ಖಾತೆ ಯಾರ ಹೆಸರಿನಲ್ಲಿದೆಯೆಂದು ತೋರಿಸುವ ಸೌಕರ್ಯವನ್ನು ೨೦೨೫ನೆಯ ಏಪ್ರಿಲ್ ೧ರೊಳಗೆ ಒದಗಿಸತಕ್ಕದ್ದೆಂದು ರಿಜರ್ವ್ ಬ್ಯಾಂಕು ಬ್ಯಾಂಕುಗಳಿಗೆ ಆಜ್ಞಾಪಿಸಿತು. ಒಳ್ಳೆಯ ಏರ್ಪಾಡೇ ಸರಿ. ಆದರೆ ಕಡತವನ್ನು ಒಪ್ಪಿಸಿದ ಬಳಿಕ ತಿದ್ದಿದರೆ ಇದೊಂದರಿಂದ ರಕ್ಷಣೆಯಾಗದು. ಆದಕಾರಣ ದೊಡ್ಡ ಮೊತ್ತವನ್ನು ಕಳುಹಿದವನು ಅದೇ ದಿನ ಸಂಜೆಯೊಳಗೆ ಪಡೆಯುವವನ ಬಾಯಿಂದಲೇ ‘ಬಂತು’ ಎಂಬ ಮಾತನ್ನು ಕೇಳಿ ತಿಳಿಯತಕ್ಕದ್ದು. ಮೂರು ದಿನ ಬಿಟ್ಟು ಕೇಳಿದರೆ ಆ ಹಣ ಅಷ್ಟರಲ್ಲಿ ಮೂರು ರಾಜ್ಯ ದಾಟಿರುತ್ತದೆ.

ಇದು ಚಿಲ್ಲರೆ ಕಳ್ಳರ ಕೆಲಸವೆಂದು ತಿಳಿಯಬಾರದು. ಕೆಲವು ಸಂದರ್ಭಗಳಲ್ಲಿ ಒಂದು ಪರರಾಷ್ಟ್ರವೇ ಕಳ್ಳರನ್ನು ಸಾಕಿ ಕಳುಹುತ್ತದೆ. ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕು ೧೯೦೬ರಲ್ಲಿ ಸ್ಥಾಪಿತವಾದುದು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಒಕ್ಕಲಿಗರ ಸಹಕಾರಿ ಸಂಘವನ್ನು ಕಟ್ಟಿದುದಕ್ಕಿಂತ ಒಂದೇ ವರ್ಷ ಕಿರಿಯದು. ೨೦೧೮ನೆಯ ಆಗಸ್ಟ್ ೧೧ ಮತ್ತು ೧೩ರಂದು ಕಳ್ಳರು ಈ ಬ್ಯಾಂಕಿನ ಯಂತ್ರಗಳೊಳಗೆ ನುಗ್ಗಿ ೯೪ ಕೋಟಿ ರೂಪಾಯಿಗಳಿಗೂ ಮಿಕ್ಕಿ ದೋಚಿದರು. ನಕಲಿ ಕಾರ್ಡುಗಳ ಸಹಾಯದಿಂದ ೨೮ ದೇಶಗಳ ಎ.ಟಿ.ಎಂ.ಗಳಲ್ಲಿ ಕೆಲವೇ ತಾಸುಗಳೊಳಗೆ ಹಣ ತೆಗೆಯಲಾಯಿತು. ಸುಮಾರು ೧೪ ಕೋಟಿ ಹಾಂಗ್‌ಕಾಂಗಿನ ಒಂದು ಖಾತೆಗೆ ಹೋಯಿತು. ವಿಶ್ವಸಂಸ್ಥೆಯ ತಜ್ಞರ ಮಂಡಲಿಯು ೨೦೧೯ರ ತನ್ನ ವರದಿಯಲ್ಲಿ ಈ ಕೃತ್ಯವನ್ನು ಉತ್ತರ ಕೊರಿಯದ ಲೆಕ್ಕಕ್ಕೆ ಬರೆಯಿತು. ೨೦೧೬ರಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ ೮ ಕೋಟಿ ೧೦ ಲಕ್ಷ ಡಾಲರುಗಳನ್ನು ಕದ್ದವರೂ ಅದೇ ದೇಶದವರೆಂದು ಅಮೇರಿಕದ ಸರಕಾರವು ಆಪಾದಿಸಿದೆ. ಯಾವ ದೇಶದ ಮೇಲೆ ಇತರ ರಾಷ್ಟ್ರಗಳು ವ್ಯಾಪಾರದ ಬಹಿಷ್ಕಾರ ಹಾಕಿವೆಯೋ ಆ ದೇಶಕ್ಕೆ ಪರದೇಶದ ನಾಣ್ಯವು ಬೇಕು. ಅದಕ್ಕೆ ಕಾವಲು ಸಡಿಲವಾದ ಬ್ಯಾಂಕನ್ನು ಹುಡುಕುತ್ತದೆ. ಸಹಕಾರಿ ಬ್ಯಾಂಕು ಸಣ್ಣದು, ತನ್ನ ಕಡೆಗೆ ಯಾರು ಕಣ್ಣು ಹಾಕುವರೆಂಬ ನಂಬಿಕೆ ಇಲ್ಲಿಯೇ ತಪ್ಪುತ್ತದೆ.

ವಿದ್ಯುತ್ತಿನ ವಿಷಯದಲ್ಲಿಯೂ ಇದೇ ಭಯವುಂಟು. ಚೀನ ದೇಶಕ್ಕೆ ಸಂಬಂಧಿಸಿದ ತಂಡವೊಂದು ಭಾರತದ ಐದು ಪ್ರಾದೇಶಿಕ ವಿದ್ಯುತ್ ಹಂಚಿಕೆಯ ಕೇಂದ್ರಗಳಲ್ಲಿ ನಾಲ್ಕರ ಗಣಕಯಂತ್ರಗಳ ಮೇಲೆ ಗುರಿಯಿಟ್ಟಿತ್ತೆಂದು ಅಮೇರಿಕದ ಒಂದು ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿತು. ಪಂಪುಸೆಟ್ಟಿನ ಕರೆಂಟಿಗೆ ರಾತ್ರಿಯೆಲ್ಲ ಕಾಯುವ ಒಕ್ಕಲಿಗನಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

೨೦೨೪ನೆಯ ಜುಲೈ ಕೊನೆಯಲ್ಲಿ ಮತ್ತೊಂದು ಪಾಠವು ಒದಗಿತು. ಸಣ್ಣ ಬ್ಯಾಂಕುಗಳಿಗೆ ಗಣಕಯಂತ್ರದ ಸೇವೆ ಒದಗಿಸುತ್ತಿದ್ದ ಸಿ-ಎಡ್ಜ್ ಎಂಬ ಕಂಪನಿಯ ಯಂತ್ರಗಳನ್ನು ಕಳ್ಳರು ಬೀಗ ಹಾಕಿ ಒತ್ತೆ ಕೇಳುವ ವಿಧದಿಂದ ಕೆಡಿಸಿದರು. ಪೀಡೆಯು ಹರಡದಂತೆ ದೇಶದ ಸುಮಾರು ೩೦೦ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳನ್ನು ಪಾವತಿಯ ವ್ಯವಸ್ಥೆಯಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಕೆಟ್ಟದ್ದು ಒಂದು ಕಂಪನಿ, ನಿಂತದ್ದು ಮುನ್ನೂರು ಬ್ಯಾಂಕು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಗಣಕಯಂತ್ರ ಒದಗಿಸುವ ಯೋಜನೆಯನ್ನು ಕೇಂದ್ರ ಸರಕಾರವು ೨೦೨೨ರಲ್ಲಿ ಮಂಜೂರು ಮಾಡಿದೆ. ಯಂತ್ರ ಬರುವುದು ಸಂತೋಷದ ಸಂಗತಿ. ಆದರೆ ಅದರ ಗುಪ್ತಪದವನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಟ್ಟರೆ ತಿಜೋರಿಯ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದಂತಾಗುತ್ತದೆ. ಸಂಘದ ಆಡಳಿತ ಮಂಡಲಿಯಲ್ಲಿರುವ ಹಿರಿಯರು ಇದನ್ನು ಒಮ್ಮೆ ಖುದ್ದಾಗಿ ಹೋಗಿ ನೋಡುವುದು ಲೇಸು. ಲೆಕ್ಕ ತಾಳೆ ನೋಡುವುದೂ ಹಾಗೆಯೇ. ಬಾಗಲಕೋಟೆಯಲ್ಲಿಯೇ ಪ್ರವಾಸೋದ್ಯಮ ಇಲಾಖೆಯ ಖಾತೆಗಳಿಂದ ಎರಡು ಕೋಟಿ ರೂಪಾಯಿಗಳಿಗೂ ಮಿಕ್ಕಿದ ಹಣ ಅಕ್ರಮವಾಗಿ ಹೊರಟು ಹೋದದ್ದು ೨೦೨೪ರಲ್ಲಿ ಬೆಳಕಿಗೆ ಬಂದಿತು; ಹಣ ಹೋದದ್ದು ಅದಕ್ಕೆ ಎಷ್ಟೋ ಮೊದಲು.

ಜಮೀನುದಾರರು ವಿಶೇಷವಾಗಿ ಗಮನಿಸತಕ್ಕ ವಂಚನೆಯೊಂದು ಹೆಬ್ಬೆಟ್ಟಿಗೆ ಸಂಬಂಧಿಸಿದ್ದು. ಸಾಹುಕಾರನ ಕರಾರುಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆಗಳು ಪ್ರತಿ ಊರಿನಲ್ಲಿಯೂ ಇವೆ. ಈಗಿನ ಕಳ್ಳನಿಗೆ ಹೆಬ್ಬೆಟ್ಟಿನ ಒಡೆಯನು ಎದುರಿಗೆ ಬರಬೇಕಾದ ಅಗತ್ಯವೂ ಇಲ್ಲ. ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಖರೇದಿಪತ್ರಗಳ ನಕಲುಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡು, ಅದರಲ್ಲಿದ್ದ ಬೆರಳಿನ ಗುರುತನ್ನು ರಬ್ಬರಿನಂಥ ವಸ್ತುವಿನ ಮೇಲೆ ಮೂಡಿಸಿ, ಆಧಾರ್ ಸಂಖ್ಯೆಯೊಡನೆ ಅದನ್ನು ಬಳಸಿ ಖಾತೆಯಿಂದ ಒಂದು ಸಲಕ್ಕೆ ೧೦,೦೦೦ ರೂಪಾಯಿಗಳವರೆಗೆ ತೆಗೆದ ಪ್ರಕರಣಗಳು ೨೦೨೩ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ನಡೆದವು. ಮಂಗಳೂರಿನ ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಬಳಿಕ ಕಂದಾಯ ಇಲಾಖೆಯು ಅಂತರ್ಜಾಲದ ನಕಲುಗಳಲ್ಲಿ ಬೆರಳಿನ ಗುರುತು ಕಾಣದಂತೆ ಮಾಡುವ ಕ್ರಮ ಕೈಕೊಂಡಿತು. ಆದರೂ ಹಳೆಯ ನಕಲುಗಳು ಯಾರ ಕೈಯಲ್ಲಿ ಇವೆಯೆಂದು ಹೇಳಬಲ್ಲವರಾರು? ಆಧಾರಿನ ಆಪಿನಲ್ಲಿ ಬೆರಳಿನ ಗುರುತಿಗೆ ಬೀಗ ಹಾಕುವ ಅನುಕೂಲವಿದೆ. ಅಗತ್ಯ ಬಿದ್ದಾಗ ಬಿಚ್ಚಿ ಮತ್ತೆ ಹಾಕಿಕೊಳ್ಳಬಹುದು. ಇದಕ್ಕೆ ಖರ್ಚಿಲ್ಲ. ಜಮೀನು ಕೊಂಡವರೂ ಮಾರಿದವರೂ ಇದನ್ನು ಮಾಡಿಸಿಕೊಳ್ಳತಕ್ಕದ್ದು; ಮನೆಯಲ್ಲಿ ಓದುವ ಮಗನಿದ್ದರೆ ಹತ್ತು ನಿಮಿಷದ ಕೆಲಸ.

ಫೋನಿನ ಮೂಲಕ ಬರುವ ಮೋಸಗಳಲ್ಲಿ ಎರಡು ಬಗೆ ಮುಖ್ಯವಾದುವು. ಮೊದಲನೆಯದು, ಕಿಸಾನ್ ಸಮ್ಮಾನದ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ‘ಎ.ಪಿ.ಕೆ.’ ಎಂದು ಕೊನೆಗೊಳ್ಳುವ ಕಡತ. ಅದನ್ನು ಒತ್ತಿದೊಡನೆ ಫೋನಿಗೆ ಬರುವ ಒ.ಟಿ.ಪಿ. ಸಂಖ್ಯೆಗಳೆಲ್ಲ ಕಳ್ಳನ ಕೈ ಸೇರುತ್ತವೆ, ಮತ್ತು ಅದೇ ಕಡತವು ಆ ಮನುಷ್ಯನ ಹೆಸರಿನಿಂದಲೇ ಅವನ ಬೀಗರಿಗೂ ನೆರೆಯವರಿಗೂ ಹೋಗಿ ಬೀಳುತ್ತದೆ. ಪರಿಚಿತನಿಂದ ಬಂದುದೆಂಬ ಮಾತ್ರಕ್ಕೆ ನಂಬತಕ್ಕದ್ದಲ್ಲ. ಪರಿಹಾರದ ಹಣದ ಹೆಸರಿನಲ್ಲಿಯೂ ಇಂಥ ಕಡತಗಳು ಬರಬಹುದಾದುದರಿಂದ, ಮುಳುಗಡೆಯ ಊರುಗಳ ಹಿರಿಯರು ಮೊದಲೇ ಚಾವಡಿಯಲ್ಲಿ ಈ ಮಾತನ್ನು ಆಡಿಡುವುದು ಒಳ್ಳೆಯದು.

ಎರಡನೆಯದು ‘ಡಿಜಿಟಲ್ ಅರೆಸ್ಟ್’. ಪೊಲೀಸ್ ವೇಷ ಧರಿಸಿದವನೊಬ್ಬನು ಫೋನಿನ ಪರದೆಯಲ್ಲಿ ಕಾಣಿಸಿಕೊಂಡು, ನಿಮ್ಮ ಹೆಸರಿನಲ್ಲಿ ಅಪರಾಧವಾಗಿದೆ, ಯಾರಿಗೂ ಹೇಳಬೇಡಿರಿ, ಹಣ ಕಳುಹಿರಿ ಎಂದು ಹೆದರಿಸುತ್ತಾನೆ. ಇಂಥ ಬಂಧನವು ಯಾವ ಕಾಯಿದೆಯಲ್ಲಿಯೂ ಇಲ್ಲ. ಬೆಳಗಾವಿ ಜಿಲ್ಲೆಯಲ್ಲಿ ೨೦೨೫ನೆಯ ಮಾರ್ಚಿನಲ್ಲಿ ವೃದ್ಧ ದಂಪತಿಗಳು ಈ ಬೆದರಿಕೆಗೆ ಸಿಕ್ಕಿ ಬಹಳ ಹಣ ತೆತ್ತು, ಕೊನೆಗೆ ಪ್ರಾಣವನ್ನೇ ಬಿಟ್ಟರು. ಮಕ್ಕಳಿಲ್ಲದೆ ಅಥವಾ ಮಕ್ಕಳು ದೂರದ ಪಟ್ಟಣಗಳಲ್ಲಿದ್ದು ಒಂಟಿಯಾಗಿ ಇರುವ ಮುದುಕರು ಈಗ ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರ ಮನೆಗೆ ವಾರಕ್ಕೊಮ್ಮೆಯಾದರೂ ಯಾರಾದರೂ ಹೋಗಿ ಮಾತನಾಡಿಸಿ ಬರುವಂತೆ ಊರಿನ ಹಿರಿಯರು ಏರ್ಪಡಿಸಿದರೆ ಅದು ಯಾವ ಯಂತ್ರಕ್ಕಿಂತಲೂ ಹೆಚ್ಚಿನ ಕಾವಲಾದೀತು. ‘ಯಾರಿಗೂ ಹೇಳಬೇಡ’ ಎಂಬುದೇ ಈ ಕಳ್ಳರ ಮುಖ್ಯ ಆಯುಧವಾಗಿದೆ.

ಗೊಣ್ಣೆಹುಳದ ದುಂಬಿಗಳು ಮೊದಲ ಮಳೆ ಬಿದ್ದ ಸಂಜೆ ನೆಲದಿಂದೆದ್ದು ಬೇವು ಜಾಲಿ ಮರಗಳ ಮೇಲೆ ನೆರೆಯುತ್ತವೆ. ಒಬ್ಬನೇ ತನ್ನ ಹೊಲದ ಮರವನ್ನು ಅಲ್ಲಾಡಿಸಿ ಫಲವಿಲ್ಲ. ಊರೆಲ್ಲ ಕೂಡಿ ಆರಿಸಿ ಕೊಂದರೆ ಮಾತ್ರ ಆ ವರ್ಷದ ಕಬ್ಬು ಉಳಿಯುತ್ತದೆ. ಕದ್ದ ಹಣಕ್ಕೂ ಕೂರಲು ಇಂಥ ಮರ ಬೇಕು. ಕಳ್ಳನು ತನ್ನ ಹೆಸರಿನ ಖಾತೆಯನ್ನು ಎಂದಿಗೂ ಬಳಸುವುದಿಲ್ಲ. ಕೆಲಸವಿಲ್ಲದ ಹುಡುಗರಿಗೆ ಕೆಲವು ಸಾವಿರ ರೂಪಾಯಿಗಳ ಆಸೆ ತೋರಿಸಿ ಅವರ ಪಾಸ್‌ಬುಕ್ಕು, ಕಾರ್ಡು, ಸಿಮ್ಮುಗಳನ್ನು ಪಡೆಯುತ್ತಾನೆ. ಪೊಲೀಸರು ಬರುವುದು ಆ ಹುಡುಗನ ಮನೆಗೆ. ಬೇರೊಬ್ಬನ ಗುರುತನ್ನು ಬಳಸಿ ಗಣಕಯಂತ್ರದ ಮೂಲಕ ಮೋಸ ಮಾಡುವುದಕ್ಕೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಮೂರು ವರ್ಷಗಳವರೆಗೆ ಸೆರೆವಾಸವೂ ದಂಡವೂ ಹೇಳಲ್ಪಟ್ಟಿವೆ. ತಾನು ಖಾತೆಯನ್ನಷ್ಟೇ ಕೊಟ್ಟೆನೆಂಬ ಮಾತು ಅವನನ್ನು ಠಾಣೆಯ ಕಟ್ಟೆಯಿಂದ ಇಳಿಸಲಾರದು. ಪರದೇಶದಲ್ಲಿ ಕಂಪ್ಯೂಟರಿನ ನೌಕರಿಯೆಂದು ನಂಬಿ ಹೋಗಿ, ಬ್ರಹ್ಮದೇಶದ ಗಡಿಯ ವಂಚನೆಯ ಕೇಂದ್ರಗಳಲ್ಲಿ ಸೆರೆಯಾಳುಗಳಂತೆ ದುಡಿಯುತ್ತಿದ್ದವರಲ್ಲಿ ೫೪೯ ಮಂದಿ ಭಾರತೀಯರನ್ನು ೨೦೨೫ನೆಯ ಮಾರ್ಚಿನಲ್ಲಿ ವಾಯುಸೇನೆಯ ವಿಮಾನಗಳಲ್ಲಿ ಹಿಂದಕ್ಕೆ ಕರೆತರಬೇಕಾಯಿತು.

ಇಷ್ಟಾಗಿಯೂ ಹಣ ಹೋದರೆ ಮಾಡತಕ್ಕದ್ದೇನು? ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುವುದೇ ಹೆಚ್ಚಿನ ಹಾನಿಗೆ ಕಾರಣ. ಕೂಡಲೇ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು. ಅಲ್ಲಿಯ ವ್ಯವಸ್ಥೆಯು ಹಣ ಹೋದ ದಾರಿಯ ಬ್ಯಾಂಕುಗಳಿಗೆ ಸೂಚನೆ ಕೊಟ್ಟು, ಕಳ್ಳನು ತೆಗೆಯುವ ಮುಂಚೆ ಆ ಮೊತ್ತವನ್ನು ತಡೆಹಿಡಿಯಲು ಯತ್ನಿಸುತ್ತದೆ. ಮೊದಲ ಒಂದೆರಡು ತಾಸುಗಳಲ್ಲಿ ಹೇಳಿದವರ ಹಣ ಸಿಗುವ ಸಂಭವ ಹೆಚ್ಚು. ಮರುದಿನ ಸಂತೆಗೆ ಹೋದಾಗ ಹೇಳಿದರಾಯಿತೆಂಬವರಿಗೆ ಬಹಳ ಕಡಿಮೆ. ತನ್ನ ಬ್ಯಾಂಕಿಗೂ ಬರಹದ ಮೂಲಕ ತಿಳಿಸಿ, ತಾರೀಖಿನ ಸಹಿತ ಪೋಚು ಪಡೆಯಬೇಕು. ರಿಜರ್ವ್ ಬ್ಯಾಂಕಿನ ೨೦೧೭ರ ಸುತ್ತೋಲೆಗಳು, ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ನಡೆದ ಕಳವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಮೇಲೆ ನಷ್ಟವನ್ನು ಹೊರಿಸಕೂಡದೆಂಬ ತತ್ತ್ವವನ್ನು ವಿಧಿಸಿದವು. ತಾನೇ ಗುಪ್ತಸಂಖ್ಯೆ ಹೇಳಿಕೊಟ್ಟವನಿಗೆ, ತಿಳಿಸುವವರೆಗಿನ ನಷ್ಟ ಅವನದೇ. ಆದಕಾರಣ ಪೋಚಿನ ಮೇಲಿನ ತಾರೀಖಿಗೆ ಬೆಲೆಯುಂಟು.

ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯು ಬಾಗಲಕೋಟೆಯಲ್ಲಿದೆ. ಅಲ್ಲಿಗೆ ಹೋಗುವಾಗ ಪಾಸ್‌ಬುಕ್ಕಿನ ನಕಲು, ಹಣ ಹೋದ ಸಂದೇಶ, ಕರೆ ಬಂದ ಸಂಖ್ಯೆ, ೧೯೩೦ರಲ್ಲಿ ಕೊಟ್ಟ ದೂರಿನ ಕ್ರಮಸಂಖ್ಯೆ ಇವಿಷ್ಟನ್ನು ಒಯ್ಯತಕ್ಕದ್ದು. ಫೋನಿನಲ್ಲಿಯ ಯಾವ ಸಂದೇಶವನ್ನೂ ಅಳಿಸಕೂಡದು. ತಡೆಹಿಡಿದ ಹಣವು ಮೂಲ ಖಾತೆಗೆ ಮರಳಲು ಅನೇಕ ಸಲ ನ್ಯಾಯಾಲಯದ ಆಜ್ಞೆ ಬೇಕಾಗುವುದರಿಂದ, ದೂರಿನ ಕಾಗದಗಳನ್ನು ಜಮೀನಿನ ಉತಾರೆಗಳೊಡನೆ ಒಂದೇ ಕಟ್ಟಿನಲ್ಲಿ ಇಡುವುದು ಅನುಕೂಲ.